ಬೂದಿಯಲ್ಲಿ ಹೂತಿಟ್ಟ ಲೆನ್ಸು

ಬೀದರಿನ ನಮ್ಮ ಮನೆಯ ಕಪಾಟಿನ ಮೇಲೆ ಒಂದು ನೀಲಿ ಡಬ್ಬಿ ಕೂತಿದೆ. ಮನೆಗೆ ಬಂದವರು ಅದನ್ನು ನೋಡಿ, “ಐಸ್‌ಕ್ರೀಮ್ ಮಾರ್ತೀರೇನ್ರಿ ಟೀಚರ್?” ಎಂದು ಕೇಳುವುದುಂಟು. ಮುಚ್ಚಳದ ಸುತ್ತ ಬೂದಿ ಬಣ್ಣದ ಒಂದು ಗೆರೆ ಇದೆ. ಸಾಬೂನಿಗೆ, ತೆಂಗಿನ ನಾರಿಗೆ, ನಮ್ಮವರ ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ, ಯಾವುದಕ್ಕೂ ಅದು ಜಗ್ಗಿಲ್ಲ. ಕ್ರಿಸ್‌ಮಸ್ಸಿಗೆ ಮನೆಗೆ ಸುಣ್ಣ ಬಳಿಸುವಾಗ ಕೆಲಸದವನು ಅದನ್ನು ಗುಜರಿಗೆ ಹಾಕಲೇ ಎಂದು ಕೇಳಿದ. ನಾನು “ಬ್ಯಾಡ!” ಎಂದ ಜೋರಿಗೆ ಅವನ ಕೈಯ ಬಕೆಟ್ಟು ತುಳುಕಿ, ನೆಲವನ್ನು ನಾನೇ ಒರೆಸಬೇಕಾಯಿತು. ಅದು ನನ್ನ ಕ್ಯಾಮೆರಾದ ಪೆಟ್ಟಿಗೆ. ಅಂದರೆ, ಪೆಟ್ಟಿಗೆಯಾಗಲಿ ಎಂದು ನಾನು ಆರಿಸಿದ್ದು ಬೇರೆ, ಆದದ್ದು ಇದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ವಯಸ್ಸಿನ ಹೆಂಗಸರು ಮೊಣಕಾಲಿಗೆ ಎಣ್ಣೆ ಕೊಳ್ಳುವ ಕಾಲದಲ್ಲಿ ನಾನು ಕ್ಯಾಮೆರಾ ಕೊಂಡೆ. ಜೊತೆಗೆ ದೂರದ್ದನ್ನು ಹತ್ತಿರ ಮಾಡುವ ಒಂದು ಲೆನ್ಸು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಿಗೆ ಲೆನ್ಸು ಹೊಸದಲ್ಲ. ಪೀನ ಮಸೂರ, ನಿಮ್ನ ಮಸೂರ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಗೆರೆ ಎಳೆದವಳು ನಾನು. ಆದರೆ ಮೊದಲ ದಿನ ಮಾಳಿಗೆ ಹತ್ತಿ ಅದರೊಳಗೆ ಕಣ್ಣಿಟ್ಟಾಗ, ಎದುರು ಮನೆಯ ನೀರಿನ ಟಾಕಿಯ ಮೇಲೆ ಕೂತಿದ್ದ ಕಾಗೆಯ ಕಣ್ಣಿನಲ್ಲಿ ಬೆಳಗಿನ ಸೂರ್ಯ ಕಂಡ. ಇಷ್ಟು ವರ್ಷ ಈ ಕಾಗೆ ನಮ್ಮ ಹಪ್ಪಳ ಕದಿಯುತ್ತಿತ್ತು, ಅದರ ಕಣ್ಣಲ್ಲಿ ಸೂರ್ಯನಿರುವ ಸಂಗತಿ ಯಾರೂ ನನಗೆ ಹೇಳಿರಲಿಲ್ಲ. ಅಂದಿನಿಂದ ತೆಗೆದದ್ದೆಲ್ಲ ಕಾಗೆಯ ಫೋಟೋ. “ಕಾಗಿಗೋಳು ಈಗ ತಲಿ ಬಾಚ್ಕೊಂಡು ಬರ್ಲತ್ತಾವ ನಮ್ಮ ಮಾಳಿಗಿಗಿ” ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ಕ್ಯಾಮೆರಾವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಸೀರೆಗಳ ನಡುವೆ ಇಡುತ್ತಿದ್ದೆ. ಮಾಳಿಗೆಗೆ ಹೋಗಿ ಬರಲು ಅಷ್ಟು ಸಾಕಾಗಿತ್ತು.

ಪೆಟ್ಟಿಗೆಯ ಪ್ರಶ್ನೆ ಎದ್ದದ್ದು ನನ್ನ ಅತ್ತೆಯಿಂದ. ಅವರ ಹೆಸರು ಮಾರ್ಥಮ್ಮ. ಔರಾದ ತಾಲೂಕಿನ ಎಕಂಬಾದಲ್ಲಿ ನನ್ನ ಮೈದುನ ದಾವೀದ ಮತ್ತು ಅವನ ಹೆಂಡತಿ ಕೃಪಾಳ ಜೊತೆ ಇರುತ್ತಾರೆ. ಮಳೆಗಾಲದಲ್ಲಿ ಕೊಟ್ಟಿಗೆಯ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರದ ಎಲುಬು ಮುರಿದುಕೊಂಡರು. ಬೀದರಿನಲ್ಲಿ ಆಪರೇಶನ್ ಆಯಿತು, ಎಲುಬು ಕೂಡಿತು. ಇನ್ನು ವಾಕರ್ ಹಿಡಿದು ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದರು. ಅತ್ತೆ ಏಳಲಿಲ್ಲ. ವಾಕರ್ ಗೋಡೆಗೆ ಆನಿಕೊಂಡು ನಿಂತಿತು, ಅದರ ಮೇಲೆ ಕೃಪಾ ಟವೆಲು ಒಣಹಾಕತೊಡಗಿದಳು. ಯಾರಾದರೂ ನಡೆಯಿರಿ ಎಂದರೆ ಅವರದು ಒಂದೇ ಮಾತು: “ಎಲ್ಲಿಗಿ ಹೋಗೂದದ ನಡದು?”

ಮೊದಲು ಅವರಿಗೆ ಹೋಗಲು ಒಂದು ಜಾಗವಿತ್ತು. ಊರಾಚೆಯ ಇಳಿಜಾರಿನಲ್ಲಿ ನಮ್ಮ ಕಡಲೆ ಹೊಲ. ಅಲ್ಲಿಗೆ ಚಿಗರಿಗಳು ಬರುತ್ತವೆ. ನೀವು ಕೃಷ್ಣಮೃಗ ಎನ್ನುತ್ತೀರಲ್ಲ, ಅವೇ. ಆ ಹಿಂಡಿನಲ್ಲಿ ಎಡಗಿವಿ ಹರಿದ ಒಂದು ಗಂಡು ಚಿಗರಿ ಇತ್ತು. ಅತ್ತೆ ಅದಕ್ಕೆ ಕರಿಯ ಎಂದು ಹೆಸರಿಟ್ಟಿದ್ದರು. ಕರಿಯನಿಗೂ ಅವರಿಗೂ ವರ್ಷಗಳ ವ್ಯಾಜ್ಯ. ಅವನು ತಿನ್ನುವುದು, ಇವರು ಓಡಿಸುವುದು, ಅವನು ಬದುವಿನ ಮೇಲೆ ನಿಂತು ತಿರುಗಿ ನೋಡುವುದು, ಇವರು ಅವನ ಕುಲವನ್ನೆಲ್ಲ ಎತ್ತಿ ಬೈಯುವುದು. ಕವಣೆಯಿಂದ ಬೀಸಿದ ಕಲ್ಲು ಒಂದಾದರೂ ಅವನಿಗೆ ತಾಗಿದ್ದನ್ನು ಕಂಡವರಿಲ್ಲ. ಚಳಿಗಾಲದಲ್ಲಿ ನಾವು ಊರಿಗೆ ಹೋದರೆ ಅತ್ತೆ ಮೊದಲು ಹೇಳುತ್ತಿದ್ದದ್ದು ಮೊಮ್ಮಕ್ಕಳ ಸುದ್ದಿಯಲ್ಲ, ಕರಿಯನ ದಾಂಧಲೆ.

ಈಗ ಅವರು ಹಾಸಿಗೆಯಲ್ಲಿ. ದಿನಾ ಸಂಜೆ ದಾವೀದ ಹೊಲದಿಂದ ಬಂದೊಡನೆ “ಕರಿಯ ಬಂದಿದ್ನೇನು?” ಎಂದು ಕೇಳುತ್ತಿದ್ದರು. ದಾವೀದ ಪಾಪ, ಅವ್ವನ ಸಮಾಧಾನಕ್ಕೆ ದಿನಾ “ಬಂದಿದ್ದ” ಎನ್ನುತ್ತಿದ್ದ. ಒಂದು ದಿನ ಅತ್ತೆ “ಯಾವ ಕಿವಿ ಹರದದ ಹೇಳು” ಎಂದು ಪರೀಕ್ಷೆ ಮಾಡಿದರು. ದಾವೀದ ಗಡಿಬಿಡಿಯಲ್ಲಿ ಬಲಗಿವಿ ಎಂದುಬಿಟ್ಟ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಊಟವೂ ಅರ್ಧಕ್ಕಿಳಿಯಿತು. ದಾವೀದ ನನಗೆ ಫೋನು ಮಾಡಿದ.

“ವೈನಿ, ನಿಮ್ಮ ದೊಡ್ಡ ಕ್ಯಾಮೆರಾ ತಗೊಂಡು ಬರ್ರಿ. ಕರಿಯ ಸತ್ತಾನ, ನೀವೆಲ್ಲಾ ಕೂಡಿ ನನಗ ಸುಳ್ಳ್ ಹೇಳ್ಲತ್ತೀರಿ ಅಂತಾಳ್ರಿ ಅವ್ವ. ನನ್ನ ಮೊಬೈಲ್‌ದಾಗ ತೆಗೆದು ತೋರಿಸ್ದೆ, ಇದು ಎಮ್ಮಿ ಸಗಣಿ ಅದ ಅಂದ್ಲು. ಅಂವನ ಮಾರಿ ಕಾಣಬೇಕ್ರಿ, ಕಿವಿ ಕಾಣಬೇಕು. ಆವಾಗ ಏಳ್ತಾಳ, ಇಲ್ದಿದ್ರ ಈಕಿ ಏಳಲ್ರಿ.”

ನನ್ನ ಕ್ಯಾಮೆರಾ ಅಷ್ಟು ದಿನ ಕಾಗೆ ಕಾಯುತ್ತಿತ್ತು. ಈಗ ಒಬ್ಬ ಹೆಂಗಸನ್ನು ಎಬ್ಬಿಸುವ ಕೆಲಸ ಅದಕ್ಕೆ ಬಂತು. ಟವೆಲ್ಲು ಸಾಲದು ಅನಿಸಿತು. ಬಸ್ಸು, ಬಸ್ಸಿನ ಮೇಲೆ ಬಸ್ಸು, ಆಮೇಲೆ ದಾವೀದನ ಮೋಟರ್ ಸೈಕಲ್ಲು, ನಮ್ಮ ಕಡೆಯ ಧೂಳು. ಗಟ್ಟಿ ಪೆಟ್ಟಿಗೆಯೇ ಬೇಕು.

ಮೊಬೈಲಿನಲ್ಲಿ ಹುಡುಕಿದೆ. ಅಬ್ಬಾ, ಎಂಥೆಂಥ ಪೆಟ್ಟಿಗೆಗಳು! ನೀರಿಗೆ ಬಿದ್ದರೆ ತೇಲುತ್ತದಂತೆ. ಲಾರಿ ಹತ್ತಿದರೂ ಒಡೆಯದಂತೆ. ಒಳಗೆ ಸಣ್ಣ ಸಣ್ಣ ಚೌಕಗಳ ಸ್ಪಂಜು. ನಮ್ಮ ಸಾಮಾನಿನ ಆಕಾರಕ್ಕೆ ತಕ್ಕಂತೆ ಕಿತ್ತು ತೆಗೆದರೆ, ಕ್ಯಾಮೆರಾ ತನ್ನದೇ ಗುಳಿಯಲ್ಲಿ ಮಗುವಿನ ಹಾಗೆ ಮಲಗುತ್ತದೆ. ವಿಮಾನದಲ್ಲಿ ಹೋಗುವವರಿಗಾಗಿ ಗಾಳಿಯ ಒತ್ತಡ ಸರಿಪಡಿಸುವ ಒಂದು ಗುಂಡಿ ಬೇರೆ. ಔರಾದ ಬಸ್ಸಿನಲ್ಲಿ ಅದು ಏನು ಮಾಡುತ್ತದೋ ಗೊತ್ತಿಲ್ಲ, ಆದರೂ ಗುಂಡಿ ಇರುವ ಪೆಟ್ಟಿಗೆಯೇ ಬೇಕೆಂದು ನನ್ನ ಮನಸ್ಸು ಹಟ ಹಿಡಿಯಿತು. ಊಟ ಮಾಡುತ್ತ ನೋಡಿದೆ, ಪೇಪರು ತಿದ್ದುತ್ತ ನೋಡಿದೆ. ಮನುಷ್ಯ ತನಗೆ ಬೇಕಾದ ಒಂದು ವಸ್ತುವಿಗೆ ಏಟು ಬೀಳದಿರಲೆಂದು ಇಷ್ಟೆಲ್ಲ ಯೋಚಿಸಿದ್ದಾನಲ್ಲ ಎಂದು ನಿಜಕ್ಕೂ ಬೆರಗಾಯಿತು. ಕೊನೆಗೆ ಒಂದನ್ನು ಆರಿಸಿದೆ. ಅದು ಬರುವ ಹೊತ್ತಿಗೆ ಕಡಲೆ ಕೊಯ್ಲೇ ಮುಗಿಯುತ್ತದೆ ಎಂದು ಆಮೇಲೆ ಗೊತ್ತಾಯಿತು.

ಬೀದರಿನಲ್ಲೇ ಮದುವೆ ಫೋಟೋದವರ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಒಂದು ಬ್ಯಾಗಿನ ಧೂಳು ಕೊಡವಿ ಮುಂದಿಟ್ಟರು. “ತಗೋರಿ ಮೇಡಂ, ಏಕ್‌ದಂ ಮಜಬೂತ್ ಅದ. ಇದ್ರಾಗ ಕ್ಯಾಮೆರಾ ಕೂಡ್ತದ, ಛತ್ರಿ ಕೂಡ್ತದ, ಟಿಫಿನ್ ಡಬ್ಬಿ ಭೀ ಕೂಡ್ತದ.” ನಾನು ಬ್ಯಾಗಿನ ಹೊಟ್ಟೆಯನ್ನು ಬೆರಳಿನಿಂದ ಒತ್ತಿದೆ. ಒತ್ತಿದಲ್ಲಿ ಒಳಕ್ಕೆ ಹೋಯಿತು. ತೇಲುವ ಪೆಟ್ಟಿಗೆ ನೋಡಿ ಕೆಟ್ಟ ಕಣ್ಣಿಗೆ ಇದು ಹಿಡಿಸಲಿಲ್ಲ. ಎಕಂಬಾಕ್ಕೆ ಹೋಗುವ ಮುಂಚೆ ನನ್ನ ಅವ್ವನನ್ನು ನೋಡಿಕೊಂಡು ಹೋಗೋಣವೆಂದು, ಪೆಟ್ಟಿಗೆಯಿಲ್ಲದೆಯೇ ಭಾಲ್ಕಿಯ ಬಸ್ಸು ಹತ್ತಿದೆ. ಕ್ಯಾಮೆರಾ ಟವೆಲ್ಲಿನಲ್ಲೇ ಇತ್ತು.

ಭಾಲ್ಕಿ ನನ್ನ ತವರು. ಅವ್ವ ಸರಕಾರಿ ನರ್ಸ್ ಆಗಿದ್ದವಳು, ಈಗ ನಿವೃತ್ತಳಾಗಿ ನನ್ನ ತಂಗಿಯ ಮನೆಯಲ್ಲಿ ಮೂರು ಓಣಿಗಳ ಬಿಪಿ ನೋಡಿಕೊಂಡಿದ್ದಾಳೆ. ಟವೆಲ್ಲಿನ ಗಂಟು ಬಿಚ್ಚಿ ನೋಡಿ, “ಇಷ್ಟು ನಾಜೂಕ್ ಸಾಮಾನ ಹಿಂಗ ತಗೊಂಡು ಹೋಗ್ತಾರೇನ ಹುಚ್ಚಿ?” ಎಂದವಳೇ ಮಂಚದ ಕೆಳಗಿನಿಂದ ಆ ನೀಲಿ ಡಬ್ಬಿಯನ್ನು ಎಳೆದಳು.

ನೋಡಿದೊಡನೆ ಗುರುತು ಹಿಡಿದೆ. ಲಸಿಕೆಯ ಡಬ್ಬಿ! ನಮ್ಮ ಬಾಲ್ಯವನ್ನೆಲ್ಲ ಆಳಿದ ಡಬ್ಬಿ. ಬೆಳಗಾಗೆದ್ದು ಅವ್ವ ಅದರೊಳಗೆ ಬರ್ಫಿನ, ಅಂದರೆ ಐಸಿನ, ತುಂಡುಗಳನ್ನಿಟ್ಟು, ನಡುವೆ ಔಷಧಿಯ ಸಣ್ಣ ಸೀಸೆಗಳನ್ನಿಟ್ಟು, ಮುಚ್ಚಳ ಒತ್ತಿ ಹಳ್ಳಿಗೆ ಹೊರಡುತ್ತಿದ್ದಳು. ಶಾಲೆಗೆ ರಜೆಯಿದ್ದರೆ ನಾನೂ ಹಿಂದೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಅವ್ವ ಕೂರುತ್ತಿದ್ದಳು, ಅವಳ ತೊಡೆಯ ಮೇಲೆ ಡಬ್ಬಿ ಕೂರುತ್ತಿತ್ತು, ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತಿರುತ್ತಿದ್ದೆ. ಬಸ್ಸು ಕುಣಿದರೆ ಅವಳ ಕೈ ಮೊದಲು ಹೋಗುತ್ತಿದ್ದದ್ದು ಡಬ್ಬಿಯ ಮೇಲೆ. ಬಿಸಿಲಲ್ಲಿ ನಡೆಯುವಾಗ ಅವಳ ಸೆರಗು ಹರಡುತ್ತಿದ್ದದ್ದೂ ಅದರ ಮೇಲೆಯೇ. ನನಗೆ ಎಂಥ ಹೊಟ್ಟೆಯುರಿ ಎನ್ನುತ್ತೀರಿ! ತಂಗಿ ಹುಟ್ಟಿದಾಗಲೂ ಅಷ್ಟು ಉರಿದಿರಲಿಲ್ಲ. ಬರ್ಫು ಕರಗಿದರೆ ಒಂದು ಹಳ್ಳಿಯ ಮಕ್ಕಳ ಔಷಧಿ ಹಾಳಾಗುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹಳ್ಳಿಯ ಹೆಂಗಸರು ಮಾತ್ರ ಬೇಗ ತಿಳಿದಿದ್ದರು. ಅವ್ವ ಬಂದೊಡನೆ ಡಬ್ಬಿಗೆ ನೆರಳಿನ ಜಾಗ ಕೊಟ್ಟು, ಆಮೇಲೆ ಅವಳಿಗೆ ನೀರು ಕೊಡುತ್ತಿದ್ದರು.

ಹಿಡಿಕೆ ಮುರಿದು ಇಲಾಖೆಯವರು ಕೈಬಿಟ್ಟ ಮೇಲೆ ಅವ್ವ ಅದನ್ನು ಕೇಳಿ ಮನೆಗೆ ತಂದಿದ್ದಳಂತೆ, ಹಗ್ಗ ಕಟ್ಟಿ ಹಿಡಿಕೆ ಮಾಡಿದ್ದಳು. ದಪ್ಪ ಗೋಡೆ, ಬಿಗಿಯಾದ ಮುಚ್ಚಳ. ಟವೆಲ್ಲು ಹಾಸಿ ಲೆನ್ಸನ್ನು ಇಳಿಸಿದರೆ ನೆಟ್ಟಗೆ ನಿಂತಿತು. ಕ್ಯಾಮೆರಾ ಮಾತ್ರ ಹಿಡಿಸಲಿಲ್ಲ, ಅದನ್ನು ಕೊರಳಿಗೆ ಹಾಕಿಕೊಂಡೆ. “ಉರುಳಸಬ್ಯಾಡ, ಬಿಸಲಾಗ ಇಡಬ್ಯಾಡ, ಮ್ಯಾಲ ಯಾರಿಗೂ ಕೂಡಗೊಡಬ್ಯಾಡ” ಎಂದು ಅವ್ವ ಬಸ್‌ಸ್ಟ್ಯಾಂಡಿನ ತನಕ ಹೇಳುತ್ತ ಬಂದಳು. ಔರಾದಿನ ಬಸ್ಸಿನಲ್ಲಿ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ, ಬಿಸಿಲು ಬಿದ್ದಾಗ ಸೆರಗು ಹೊದಿಸಿದೆ. ಪಕ್ಕದಲ್ಲಿ ಕೂತ ಹೆಂಗಸು, “ಪೋಲಿಯೋದೇನ್ರಿ ಸಿಸ್ಟರ್?” ಎಂದು ಸರಿದು ಜಾಗ ಕೊಟ್ಟಳು. ಹೌದೆಂದೆನೋ ಅಲ್ಲವೆಂದೆನೋ ನೆನಪಿಲ್ಲ. ಜಾಗ ಮಾತ್ರ ತೆಗೆದುಕೊಂಡೆ.

ಎಕಂಬಾದ ಪಡಸಾಲೆಯಲ್ಲಿ ಅತ್ತೆ ಒರಗಿಕೊಂಡಿದ್ದರು. ಮುಖ ಇಳಿದಿತ್ತು. ಆದರೂ ಲೆನ್ಸು ಕಂಡೊಡನೆ ಕುತೂಹಲ ಎದ್ದು ಕೂತಿತು. “ಇದರಾಗ ಅಂವ ಕಾಣ್ತಾನ?” ಎಂದು ತಿರುಗಿಸಿ ತಿರುಗಿಸಿ ನೋಡಿದರು. ಟೀಚರಲ್ಲವೇ ನಾನು, ಕೇಳದಿದ್ದರೂ ಪಾಠ ಶುರು ಮಾಡಿದೆ. ಗಾಜು ಎಷ್ಟು ಸೂಕ್ಷ್ಮ, ತೇವ ತಾಗಿದರೆ ಹೇಗೆ ಬೂಷ್ಟು, ನಮ್ಮ ಕಡೆಯ ಬುರುಸು, ಹಿಡಿಯುತ್ತದೆ, ತೇವ ಹೀರುವ ಪೊಟ್ಟಣಗಳನ್ನು ನಾನು ಹೇಗೆ ಬೀದರಿನಲ್ಲೇ ಮರೆತು ಬಂದೆ.

“ಗಾಜಿಗಿ ಬುರುಸು ಹಿಡಿತದ?” ಅತ್ತೆ ಗಾಬರಿಯಾದರು. “ಮತ್ತ ಹಂಗೇ ಇಟ್ಟೀಯಲ್ಲ ಮಗಳ!”

“ಒಂದಿನಕ್ಕ ಏನಾಗಲ್ರಿ ಅತ್ತಿ” ಎಂದು ನಾನು ಬಿಸಿ ರೊಟ್ಟಿ, ಕಡ್ಲಿಪಲ್ಯ ತಿಂದು, ಒಳಗೆ ಹೋಗಿ ಮಲಗಿದೆ.

ಎದ್ದು ಬಂದು ನೋಡಿದರೆ ಡಬ್ಬಿ ಅತ್ತೆಯ ಹಾಸಿಗೆಯ ಪಕ್ಕದಲ್ಲಿತ್ತು. ಮುಚ್ಚಳದ ಸುತ್ತಲೂ ಸಗಣಿ ಮೆತ್ತಿ ಮುದ್ರೆ ಹಾಕಿತ್ತು. ನಾನು ಕೂತು, ಉಗುರಿನಿಂದ ಮೆತ್ತಿದ್ದನ್ನು ಕಿತ್ತು, ಮುಚ್ಚಳ ತೆಗೆದೆ. ಅಂಚಿನ ತನಕ ಬೂದಿ. ಜರಡಿ ಹಿಡಿದ ನುಣ್ಣನೆಯ ಬೂದಿ, ನಡುನಡುವೆ ಒಣಗಿದ ಬೇವಿನೆಲೆ. ಕೈ ಹಾಕಿ ತಡಕಿದರೆ ಆಳದಲ್ಲಿ ನನ್ನ ಲೆನ್ಸು.

“ಬೀಜ ಇಡ್ತೀವಲ್ಲ, ಹಂಗ ಇಟ್ಟೀನಿ” ಎಂದರು ಅತ್ತೆ. ಆಪರೇಶನ್ ಆದಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವು ನಾನು ಕಂಡಿರಲಿಲ್ಲ. “ಕೃಪಾಗ ಬೂದಿ ಸಾಣಿಸು ಅಂದೆ. ತುಂಬಿದ್ದು ಎಲ್ಲಾ ನಾನೇ. ಮುಂದಿನ ಬಿತ್ತಿಗಿ ತನಕ ಹುಳ ಬೀಳಲ್ಲ, ಬುರುಸು ಬರಲ್ಲ. ಬೇಫಿಕಿರ ಇರು.”

ಸುಳ್ಳೇಕೆ, ಮೊದಲು ನನಗೆ ಅಳು ಬಂತು. ಹಿಂದಿನ ಮುಂದಿನ ಮುಚ್ಚಳಗಳಿದ್ದ ಕಾರಣ ಗಾಜು ಉಳಿದಿತ್ತು. ಆದರೆ ದೂರ ಹತ್ತಿರ ಮಾಡುವ ಬಳೆಯನ್ನು ತಿರುಗಿಸಿದರೆ ಕರಕರ ಎಂದಿತು, ಆಮೇಲೆ ಅದೂ ಇಲ್ಲ. ಹತ್ತಿರದ್ದನ್ನು ತೋರಿಸುವ ತುದಿಯಲ್ಲಿ ಸಿಕ್ಕಿ ನಿಂತುಬಿಟ್ಟಿತು. ದೂರದ ಚಿಗರಿಯನ್ನು ತರಲೆಂದು ಕೊಂಡ ಲೆನ್ಸು ಈಗ ಎದುರಿನ ಕಂಬವನ್ನಷ್ಟೇ ತರುತ್ತಿತ್ತು. ಬಾಯಿ ತೆರೆದು ಏನೋ ಅನ್ನಬೇಕೆನ್ನುವಷ್ಟರಲ್ಲಿ ಅತ್ತೆಯ ಕೈ ನೋಡಿದೆ. ಮೊಣಕೈತನಕ ಬೂದಿ. ಆ ಮನೆಯಲ್ಲಿ ಬಿತ್ತನೆಯ ಬೀಜದ ಗಡಿಗೆಯನ್ನು ಎಂಥ ಹಸಿವಿನಲ್ಲೂ ಯಾರೂ ಮುಟ್ಟುತ್ತಿರಲಿಲ್ಲವೆಂದು ನಮ್ಮವರು ಹೇಳುತ್ತಿರುತ್ತಾರೆ. ಅದಕ್ಕಿಂತ ಭದ್ರವಾದ ಜಾಗ ಅತ್ತೆಗೆ ಗೊತ್ತಿಲ್ಲ, ಬಹುಶಃ ಲೋಕದಲ್ಲೇ ಇಲ್ಲ. ಆ ಜಾಗವನ್ನು ಅವರು ನನ್ನ ಹುಚ್ಚಿನ ಆಟಿಕೆಗೆ ಕೊಟ್ಟಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕೈ ಮುಗಿಯಬೇಕೆನಿಸಿತು.

“ಯಾಕ, ತಪ್ಪಾಯ್ತೇನು?”

“ಇಲ್ರಿ ಅತ್ತಿ. ಇಷ್ಟು ಚಲೋ ಯಾರು ಇಡ್ತಾರ್ರಿ?”

ಅಂಗಳದಲ್ಲಿ ದಾವೀದನಿಗೆ ಮೆಲ್ಲಗೆ ನಿಜ ಹೇಳಿದೆ. ಇನ್ನು ಕರಿಯನ ಹತ್ತಿರಕ್ಕೇ ಹೋಗಬೇಕು. ಅವನು ತಲೆ ಕೆರೆದುಕೊಂಡ. “ಹ್ಯಾಂಗ್ರಿ ವೈನಿ? ಮನುಷ್ಯಾರ ವಾಸನಿ ಬಂದ್ರ ಸಾಕು, ಗಡಿ ದಾಟಿ ಮಹಾರಾಷ್ಟ್ರದಾಗ ಇರ್ತಾನ ಅಂವ.” ಪಡಸಾಲೆಯಿಂದ ದನಿ ಬಂತು. ಅತ್ತೆಗೆ ಕಾಲು ಬಾರದಿದ್ದರೂ ಕಿವಿ ಚುರುಕು. “ಬಂಡ್ಯಾಗ ಹೋಗ್ರಿ. ಬಂಡಿಗಿ ಅಂವ ಅಂಜಲ್ಲ, ಎತ್ತು ಬಂದಾವ ಅಂತ ತಿಳ್ಕೋತಾನ.”

“ಹಂಗಾದ್ರ ನೀವೂ ಬಂಡ್ಯಾಗ ಬರ್ರಿ” ಎಂದುಬಿಟ್ಟೆ.

ಅತ್ತೆ ಗೋಡೆಯ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ, “ಮತ್ತ ಮುರದ್ರ?” ಎಂದರು. ಇಷ್ಟು ದಿನ ಎಲ್ಲಿಗೆ ಹೋಗೂದದ ಎಂದು ಜಬರದಸ್ತಿನಿಂದ ಹೇಳುತ್ತಿದ್ದವರ ಒಳಗೆ ಈ ಹೆದರಿಕೆ ಕೂತಿತ್ತು. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ದಾವೀದ ಡಾಕ್ಟರಿಗೆ ಫೋನು ಮಾಡಿದ. ಕುಲುಕದಂತೆ ಸಾವಕಾಶ ಹೋದರೆ ಅಡ್ಡಿಯಿಲ್ಲ ಎಂದರು. ನಾನು ಭಾಲ್ಕಿಗೆ ಮಾಡಿದೆ. ಅವ್ವ ತನ್ನ ಹಳೆಯ ಡ್ಯೂಟಿಗೆ ಹಾಜರಾದಳು. “ಎರಡೂ ಮೊಣಕಾಲಿನ ನಡುವ ದಿಂಬು ಇಡ್ರಿ. ಕಾಲ್ ಮ್ಯಾಲ ಕಾಲ್ ಹಾಕಗೊಡಬ್ಯಾಡ್ರಿ. ಬೆನ್ನಿಗಿ ಗಟ್ಟಿ ಆಸರ ಇರ್ಲಿ, ಸೊಂಟ ಬಾಗಬಾರದು.”

ಮರುದಿನ ಬೆಳಗ್ಗೆ ಬಂಡಿಗೆ ಮೊದಲು ತೊಗರಿ ಹೊಟ್ಟಿನ ಚೀಲಗಳನ್ನು ಹಾಸಿದೆವು. ಮೇಲೆ ಕೌದಿ. ಅತ್ತೆಯನ್ನು ಎತ್ತಿ ಕೂಡಿಸಿ, ಬೆನ್ನಿಗೊಂದು ಚೀಲ ಒತ್ತಿದೆವು, ಸೊಂಟದ ಎರಡೂ ಬದಿಗೆ ಒಂದೊಂದು ತುರುಕಿದೆವು, ಕಾಲಿನ ಸುತ್ತ ಮತ್ತೊಂದು ಕೌದಿ ಹೊದಿಸಿ, ಜಾರದಂತೆ ಹಗ್ಗ ಬಿಗಿದೆವು. ಎಲ್ಲಿ ಸಡಿಲವಿದೆಯೋ ಅಲ್ಲಿ ಕೃಪಾ ಹಳೆಯ ಸೀರೆ ಉಂಡೆ ಮಾಡಿ ತೂರಿಸಿದಳು. ಅವರ ಮೈಯ ಆಕಾರದ ಒಂದು ಗುಳಿಯಾಯಿತು. ನಾನು ಅಷ್ಟು ದಿನ ಮೊಬೈಲಿನಲ್ಲಿ ಹುಡುಕಿದ್ದು ಇದನ್ನೇ ಇರಬೇಕು ಅನಿಸಿತು. “ಉಸರು ಬಿಡ್ಲಿಕ್ಕ ಜರಾ ಜಾಗ ಇಡ್ರಿ” ಎಂದರು ಅತ್ತೆ. ಲೆನ್ಸನ್ನು ಸೆರಗಿನಿಂದ ಒರೆಸಿ ಕ್ಯಾಮೆರಾಕ್ಕೆ ಸಿಕ್ಕಿಸಿದೆ. ಅದಕ್ಕೆ ಏನಾದರೂ ಹೊದಿಸಬೇಕೆಂದು ನನಗೆ ನೆನಪೇ ಆಗಲಿಲ್ಲ.

ನಾಲ್ವರೂ ಹೊಲ ಮುಟ್ಟಿದಾಗ ಬಿಸಿಲು ಆಗಷ್ಟೇ ಬೀಳುತ್ತಿತ್ತು. ಕಡಲೆಯ ಎಲೆಎಲೆಯ ಮೇಲೂ ಅದರದೇ ಹುಳಿ ಬೆರೆತ ಇಬ್ಬನಿ. ದಾವೀದ ಎತ್ತು ನಿಲ್ಲಿಸಿದ. ಇಳಿಜಾರಿನ ಆ ಕಡೆಯಿಂದ ಅವು ಬಂದವು. ಮೊದಲು ಕಂದು ಬಣ್ಣದ ಹೆಣ್ಣುಗಳು, ಮರಿಗಳು. ಎತ್ತುಗಳನ್ನು ನೋಡಿದವು, ತಲೆ ತಗ್ಗಿಸಿ ಮೇಯತೊಡಗಿದವು. ಎಲೆ ಕೀಳುವ ಸಪ್ಪಳ ಕೇಳುವಷ್ಟು ಹತ್ತಿರ. ಕೊನೆಗೆ, ಯಾವ ಅವಸರವೂ ಇಲ್ಲದೆ, ಅವನು ಬಂದ. ಕಪ್ಪು ಬೆನ್ನು, ಬೆಳ್ಳನೆಯ ಹೊಟ್ಟೆ, ಸುರುಳಿ ಸುತ್ತಿ ಮೇಲೆದ್ದ ಕೊಂಬು. ಎಡಗಿವಿ ಹರಿದಿತ್ತು. ಇಂಥದೊಂದು ಜೀವ ನಮ್ಮ ಔರಾದಿನ ಕರಿ ಮಣ್ಣಿನ ಮೇಲೆ ದಿನಾ ಓಡಾಡುತ್ತದೆ, ನಮ್ಮ ಕಡಲೆ ತಿನ್ನುತ್ತದೆ, ನಾವು ಸಂತೆಗೆ, ಶಾಲೆಗೆ ಎಂದು ಅದರ ಪಕ್ಕದಲ್ಲೇ ಹೋಗಿ ಬರುತ್ತೇವೆ. ನನ್ನ ಕಣ್ಣು ತುಂಬಿ ಕ್ಯಾಮೆರಾದೊಳಗೆ ಎಲ್ಲ ಮಸುಕಾಯಿತು.

ಅತ್ತೆ ನೋಡುತ್ತಲೇ ಇದ್ದರು. ಬೈಗುಳ ಇಲ್ಲ. ದಾವೀದ ಮೆಲ್ಲಗೆ, “ಅವ್ವ, ನೋಡ್ದಿ? ಅಂವನೇ ಅಲ್ಲ?” ಎಂದ. ಅವರು ತಲೆಯಾಡಿಸಲಿಲ್ಲ. ಕರಿಯ ನಮ್ಮನ್ನು ಒಮ್ಮೆ ನೋಡಿ ಮತ್ತೆ ಮೇಯತೊಡಗಿದ. ಬಂಡಿ, ಎತ್ತು, ಅದರೊಳಗಿನ ಗಂಟುಮೂಟೆ, ಅವನಿಗೆ ಎಲ್ಲ ಒಂದೇ. ಆ ಗಂಟಿನೊಳಗೆ ತನ್ನ ವೈರಿ ಇದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಅತ್ತೆಯ ಗಲ್ಲ ನಡುಗುವುದನ್ನು ನಾನು ಕಂಡೆ. ಕರೆತಂದು ತಪ್ಪು ಮಾಡಿದೆವೇನೋ ಅನಿಸಿತು.

ಆಗ ಅವರು ಕೌದಿಯೊಳಗಿನಿಂದ ಒಂದು ಕೈ ಹೊರಗೆ ಕಿತ್ತು, ಕೂಗಿದರು.

“ಹೋ... ಹೊಯ್! ಎಲಾ ಕರಿಯಾ!”

ಕರಿಯ ನೆಟ್ಟಗೆ ನಿಂತ. ಹರಿದ ಕಿವಿ ಈ ಕಡೆ ತಿರುಗಿತು. ಮರುಕ್ಷಣ ಅವನು ನೆಲದ ಮೇಲಿರಲಿಲ್ಲ. ನಾಲ್ಕೂ ಕಾಲು ಮಡಿಸಿ, ತೊಗರಿಯ ಸಾಲಿನ ಮೇಲಿಂದ, ಬಿಸಿಲಿನೊಳಗಿಂದ ಹಾರಿದ. ಇಡೀ ಹಿಂಡು ಅವನ ಹಿಂದೆ ಹಾರಿತು. ಬದುವಿನ ಮೇಲೆ ಅವನು ನಿಂತು, ತಿರುಗಿ, ಅತ್ತೆಯನ್ನೇ ನೋಡಿದ. ನಾನು ಬಟನ್ ಒತ್ತಿದೆನೋ ಇಲ್ಲವೋ ಯಾರಿಗೆ ನೆನಪು? ನಾನು ಅತ್ತೆಯ ಮುಖ ನೋಡುತ್ತಿದ್ದೆ.

“ನನ್ನ ಮರ್ತಿಲ್ಲ ನೋಡ ಬಾಡ್ಯಾ!” ಎಂದರು. ಕಣ್ಣೀರು ಧಾರಾಕಾರ, ಬಾಯಿ ತುಂಬ ನಗು. ಆಮೇಲೆ ದಾವೀದನ ಕಡೆ ತಿರುಗಿ, ನಾಲ್ಕು ತಿಂಗಳಲ್ಲಿ ಯಾರೂ ಕೇಳಿರದ ಹಳೆಯ ದನಿಯಲ್ಲಿ ಗದರಿದರು.

“ಏನ್ ನೋಡ್ಕೋತ ನಿಂತೀದಿ? ಕಡ್ಲಿ ಎಷ್ಟು ತಿಂದಾನ ನೋಡಬೇಕು. ಇಳಸ್ರಿ ನನ್ನ.”

ಕೃಪಾ ಹಗ್ಗ ಬಿಚ್ಚಿದಳು. ನಾವು ಒಂದು ಕೌದಿ ತೆಗೆದೆವು, ಬದಿಯ ಚೀಲ ತೆಗೆದೆವು, ಇನ್ನೊಂದು ಕೌದಿ ತೆಗೆದೆವು.